ಬರಿದಾಗಿ ಮರಳದ ಪೆಟ್ಟಿಗೆಗಳು

ಸಿಂದಗಿಗೆ ನಾನು ಹೋದದ್ದು ೧೯೭೮ರ ಸೆಪ್ಟೆಂಬರ್ ನಾಲ್ಕು, ಸೋಮವಾರ. ದಿನಚರಿಯ ಆ ಪುಟದಲ್ಲಿ ಮೂರೇ ಸಾಲುಗಳಿವೆ: ಬಾಗೇವಾಡಿ ಬಿಟ್ಟದ್ದು ಬೆಳಿಗ್ಗೆ, ಮುಟ್ಟಿದ್ದು ಮಧ್ಯಾಹ್ನ, ಬಸ್ಸಿನ ಮೇಲೆ ಪೆಟ್ಟಿಗೆ ಆರು. ಏಳನೆಯ ಸಾಮಾನು ನಾನು ಎಂದು ಬರೆಯಬೇಕೆನಿಸಿತ್ತು, ಬರೆಯಲಿಲ್ಲ. ಆ ದಿನಗಳಲ್ಲಿ ನಾನು ಲೆಕ್ಕದ ಪುಟದಲ್ಲಿ ಲೆಕ್ಕವನ್ನು ಮಾತ್ರ ಬರೆಯುತ್ತಿದ್ದೆ.

ಬಸವನ ಬಾಗೇವಾಡಿಯ ಊರ ಹೊರಗೆ ಒಂದು ಸಣ್ಣ ಎರಕದ ಕಾರ್ಖಾನೆ ಇತ್ತು. ಬಾವಿಗೆ ಇಳಿಬಿಟ್ಟ ಪಂಪಿನ ಪೈಪಿನ ತಳದಲ್ಲಿ ಕೂತು, ಎಳೆದ ನೀರು ಮತ್ತೆ ಕೆಳಗೆ ಸೋರಿ ಹೋಗದಂತೆ ತಡೆಯುವ ಫುಟ್‌ವಾಲ್ವ್ ಅಲ್ಲಿ ತಯಾರಾಗುತ್ತಿತ್ತು. ಬೀಡು ಕಬ್ಬಿಣದ ಮೈ, ಒಳಗೆ ಹಿತ್ತಾಳೆಯ ತಟ್ಟೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಅಂಗಡಿಗಳಿಗೆ ಹೋಗುತ್ತಿತ್ತು. ಪ್ರತಿ ಸಲವೂ ಮಾವಿನ ಹಲಗೆಯ ಹೊಸ ಪೆಟ್ಟಿಗೆ ಮಾಡಿ, ಗೋಧಿ ಹುಲ್ಲು ತುರುಕಿ, ಸುತ್ತಲೂ ಮೊಳೆ ಹೊಡೆದು ಕಳಿಸುವುದು ಪದ್ಧತಿ. ಆ ಕಡೆ ಅಂಗಡಿಯವರು ಹಾರೆ ಹಾಕಿ ಎಬ್ಬಿಸಿ ಒಡೆಯುತ್ತಿದ್ದರು. ಹಲಗೆ ಬಚ್ಚಲ ಒಲೆಗೆ, ಹುಲ್ಲು ಎಮ್ಮೆಗೆ. ಹಾರೆಯ ಏಟಿಗೆ ಒಂದೆರಡು ವಾಲ್ವುಗಳ ಅಂಚು ಮುಕ್ಕಾಗುವುದೂ ಇತ್ತು. ಮೂರು ಊರುಗಳ ಮಂದಿ ನಮ್ಮ ಪೆಟ್ಟಿಗೆಯಿಂದ ಕಾದ ನೀರಲ್ಲಿ ಸ್ನಾನ ಮಾಡುತ್ತಿದ್ದಾರೆ ಎಂದು ಕಾರ್ಖಾನೆಯ ಸಾವ್ಕಾರರು ಆಗಾಗ ಹೇಳುತ್ತಿದ್ದರು. ಮೊದಮೊದಲು ನಗುತ್ತ ಹೇಳುತ್ತಿದ್ದರು. ಹಲಗೆ ತುಟ್ಟಿಯಾದ ಮೇಲೆ ನಗುವುದು ನಿಂತಿತು.

ಆ ಬೇಸಿಗೆಯಲ್ಲಿ ಅವರು ಜಾಲಿ ಮರದ ನಲವತ್ತು ಪೆಟ್ಟಿಗೆ ಮಾಡಿಸಿದರು. ಮೂಲೆಗಳಿಗೆ ಕಬ್ಬಿಣದ ಪಟ್ಟಿ, ಮುಚ್ಚಳಕ್ಕೆ ಬಿಜಾಗರಿ ಮತ್ತು ಚಿಲಕ, ಎರಡು ಕಡೆ ಹಗ್ಗದ ಹಿಡಿಕೆ. ಹುಲ್ಲಿನ ಬದಲು ಒಳಗೆ ಕೌದಿ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಆ ಕೌದಿಗಳನ್ನು ನಮ್ಮ ಓಣಿಯ ಹೆಂಗಸರೇ ಪೆಟ್ಟಿಗೆಯ ಅಳತೆಗೆ ಹೊಲಿದು ಕೊಟ್ಟರು. ಅದರಲ್ಲಿ ನನ್ನ ಅಕ್ಕ ಹೊಲಿದವೂ ಇದ್ದವು. ಪ್ರತಿ ಪೆಟ್ಟಿಗೆಗೂ ಒಂದು ನಂಬರು. ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ, ದೂರದಿಂದಲೂ ಕಾಣುವಂತೆ: ‘ಖಾಲಿ ಪೆಟ್ಟಿಗೆಯನ್ನು ಕೂಡಲೇ ಹಿಂದಿರುಗಿಸಿ.’

ಹಿಂದಿರುಗಿಸಲಿಲ್ಲ. ಜೂನ್ ಜುಲೈನಲ್ಲಿ ಹೋದ ಪೆಟ್ಟಿಗೆಗಳಲ್ಲಿ ಮೂರು ಮಾತ್ರ ಬಂದವು. ಆಗ ಸಾವ್ಕಾರರು, ಕಾರ್ಖಾನೆಯಲ್ಲಿ ಚಲನ್ ಬರೆದುಕೊಂಡಿದ್ದ ನನ್ನನ್ನು ಕರೆದರು.

“ಬರಿಯೂದರಾಗ ನೀ ಶಾಣ್ಯಾ ಅದಿ. ಸಿಂದಗ್ಯಾಗ ಹೋಗಿ ಕೂಡು. ಅಲ್ಲಿಂದ ಇಂಡಿಗೂ ಮುದ್ದೇಬಿಹಾಳಕ್ಕೂ ತಿರಗ್ಯಾಡು. ಒಂದೊಂದು ಪೆಟ್ಟಿಗಿ ಎಲ್ಲಿ ಐತಿ, ಯಾಕ ಬರವಲ್ದು, ನೋಡಿ ತಂದ ಕೊಡು.”

“ಎಷ್ಟ ದಿನಾರಿ?”

“ದೀಪಾವಳಿ ಪಾಡ್ಯೇದ ತನಕ. ಅಷ್ಟರಾಗ ಮುಕ್ಕಾಲು ಪೆಟ್ಟಿಗಿ ಹೋಗಿ ಬಂದು ಮಾಡಾಕ ಹತ್ತಿದ್ವು ಅಂದ್ರ ನಿನ್ನ ಹೊಳ್ಳಿ ಕರಕೊಂಡು ಇಲ್ಲೇ ಆಫೀಸಿನ್ಯಾಗ ಕೂಡಸ್ತೇನಿ, ಪೂರಾ ಮಾಲಿನ ಹೊಣಿ ನಿಂದ. ಇಲ್ಲಂದ್ರ ಮತ್ತ ಮೊಳೀ ಪೆಟ್ಟಿಗೀನ. ಮೊಳೀ ಪೆಟ್ಟಿಗಿ ಹಿಂದ ತಿರಗ್ಯಾಡಾಕ ಮಂದಿ ಬೇಕಾಗೂದಿಲ್ಲ, ತಿಳೀತಿಲ್ಲೋ?”

ತಿಳಿದಿತ್ತು. ನನಗೆ ಮನೆ ಎಂದರೆ ಅಕ್ಕನ ಮನೆ. ತಂದೆ ತಾಯಿ ಹೋದಾಗ ನಾನು ಇನ್ನೂ ಕನ್ನಡ ಶಾಲೆಯಲ್ಲಿದ್ದೆ. ಅಕ್ಕ ಮದುವೆಯಾದ ಹೊಸದರಲ್ಲಿಯೇ ನನ್ನನ್ನು ಬಾಗೇವಾಡಿಗೆ ಕರೆತಂದಳು. ಅವಳ ಗಂಡ, ನನ್ನ ಮಾವ, ಒಂದು ದಿನವೂ ನನ್ನನ್ನು ಬೇರೆ ಎಣಿಸಲಿಲ್ಲ. ಆ ಮನೆಯನ್ನು ಬಿಟ್ಟು ಒಂದು ವಾರ ಕೂಡ ನಾನು ಬೇರೆಲ್ಲೂ ಇದ್ದವನಲ್ಲ. ಅಲ್ಲಿಗೆ ಮರಳಿ ಬರುವುದು ನಲವತ್ತು ಪೆಟ್ಟಿಗೆಗಳ ಕೈಯಲ್ಲಿತ್ತು.

ಸಿಂದಗಿಯಲ್ಲಿ ನನಗೆ ಸಿಕ್ಕ ಖೋಲಿ ನಮ್ಮ ಮಾಲು ಮಾರುವ ಅಂಗಡಿಯ ಹಿಂದೆ ಇತ್ತು. ಅಂಗಡಿಯವರದೇ. ಒಂದು ಬಾಗಿಲು, ಒಂದು ಕಿಟಕಿ. ಕಿಟಕಿಯ ಎದುರಿಗೆ ಪಕ್ಕದ ಮನೆಯ ಗೋಡೆ. ಅಂಗಡಿಯವರಿಗೆ ಅರವತ್ತರ ಹತ್ತಿರ ವಯಸ್ಸು, ಎಲ್ಲರೂ ಕಾಕಾ ಎನ್ನುತ್ತಿದ್ದರು. ಮೊದಲ ದಿನ ಹೋದಾಗ ಅವರು ನಮ್ಮ ಏಳನೆಯ ನಂಬರಿನ ಪೆಟ್ಟಿಗೆಯ ಮೇಲೆ ದಿಂಬು ಹಾಕಿಕೊಂಡು ಕೂತಿದ್ದರು.

“ಕಾಕಾ, ಇದು ಕಾರ್ಖಾನಿ ಪೆಟ್ಟಿಗಿರಿ. ಹೊಳ್ಳಿ ಕಳಸಬೇಕು.”

“ಕಳಸೂಣಂತ. ನಾ ಏಳೂತನಕರ ತಡಿ.”

“ಯಾವಾಗ ಏಳ್ತೀರಿ?”

“ಗಿರಾಕಿ ಬಂದಾಗ ಏಳ್ತೇನಿ. ಇವತ್ತ ಯಾರೂ ಬಂದಿಲ್ಲ ನೋಡು.”

ಮರುದಿನ ಕೇಳಿದೆ, ಅದರ ಮರುದಿನ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಕೊಡುವುದಿಲ್ಲ ಎಂದೂ ಅನ್ನಲಿಲ್ಲ. ‘ಈಗ ಹೆಂಗ ಕಳಸಲಿ?’ ಎಂದು ಪೆಟ್ಟಿಗೆಯ ಮುಚ್ಚಳ ಎತ್ತಿ ಒಳಗೆ ನೋಡಿ, ಏನೋ ಕಡಿಮೆ ಬಿದ್ದವರಂತೆ ಮತ್ತೆ ಮುಚ್ಚುತ್ತಿದ್ದರು. ನನಗೆ ಅದರ ಅರ್ಥ ಆಗಲಿಲ್ಲ. ಕೂಡಲು ಬೇಕಾಗಿದೆ, ನೆಪ ಹೇಳುತ್ತಿದ್ದಾರೆ ಎಂದು ಬರೆದುಕೊಂಡೆ.

ಸಂಜೆ ಅಂಗಡಿ ಮುಚ್ಚಿ ಕಾಕಾ ಮನೆಗೆ ಹೋದ ಮೇಲೆ ಆ ಹಿತ್ತಲಲ್ಲಿ ನಾನೊಬ್ಬನೇ. ಊಟಕ್ಕೆ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಗೆ ಹೋಗುತ್ತಿದ್ದೆ. ಎರಡು ರೊಟ್ಟಿ, ಪಲ್ಯ, ಒಂದು ತಟ್ಟೆ ಅನ್ನ. ಬಡಿಸುವ ಹೆಣ್ಣುಮಗಳು ಎಲ್ಲರನ್ನೂ ಒಂದೇ ಮಾತಲ್ಲಿ ಕೇಳುತ್ತಿದ್ದಳು: ‘ಇನ್ನೊಂದು ಹಾಕ್ಲ್ಯಾ?’ ನಾನು ಕೆಲವು ಸಲ ಹಸಿವಿಲ್ಲದಿದ್ದರೂ ಹಾಕಿರಿ ಎನ್ನುತ್ತಿದ್ದೆ. ಆಗ ಅವಳು ಒಂದು ಕ್ಷಣ ಹೆಚ್ಚು ನಿಲ್ಲುತ್ತಿದ್ದಳು.

ಮೊದಲ ವಾರದಲ್ಲಿಯೇ ನನಗೊಂದು ಅಭ್ಯಾಸ ಅಂಟಿತು. ದಿನಚರಿಯ ಎಡ ಅಂಚಿನಲ್ಲಿ ಪೆಟ್ಟಿಗೆಗಳು: ಹೋದವು, ಬಂದವು. ಬಲ ಅಂಚಿನಲ್ಲಿ, ಆ ದಿನ ಪೆಟ್ಟಿಗೆಯ ವಿಷಯ ಬಿಟ್ಟು ಯಾರಾದರೂ ನನ್ನ ಜೊತೆ ಮಾತಾಡಿದ್ದರೆ ಒಂದು ಗೀಟು. ‘ಇನ್ನೊಂದು ಹಾಕ್ಲ್ಯಾ’ವನ್ನು ಎಣಿಸಬೇಕೋ ಬಾರದೋ ಎಂದು ಎರಡು ದಿನ ಯೋಚಿಸಿ, ಎಣಿಸಬಾರದು ಎಂದು ತೀರ್ಮಾನಿಸಿದೆ. ಅದಾದ ಮೇಲೆ ಬಲ ಅಂಚು ಬಹಳ ಮಟ್ಟಿಗೆ ಬಿಳಿಯಾಗಿಯೇ ಉಳಿದಿದೆ. ಮೂರು ಊರುಗಳಲ್ಲಿಯೂ ನನ್ನ ಹೆಸರು ಯಾರೂ ಕೇಳಲಿಲ್ಲ. ‘ಪೆಟ್ಟಿಗಿಯವರು ಬಂದ್ರು’ ಎನ್ನುತ್ತಿದ್ದರು. ಸಂಜೆ ಕೆಲಸವಿಲ್ಲದಾಗ ನಿಲ್ದಾಣಕ್ಕೆ ಹೋಗಿ ಬಾಗೇವಾಡಿಯ ಬಸ್ಸು ಬರುವುದನ್ನು ನೋಡುತ್ತಿದ್ದೆ. ಅದರಿಂದ ಇಳಿಯುವವರು ಯಾರೂ ನನಗೆ ಗೊತ್ತಿರಲಿಲ್ಲ. ಚಕ್ರಗಳಿಗೆ ಹತ್ತಿದ ಮಣ್ಣು ಮಾತ್ರ ನಮ್ಮ ಕಡೆಯದು ಎಂದುಕೊಂಡು ನೋಡುತ್ತ ನಿಲ್ಲುತ್ತಿದ್ದೆ. ಸಿಂದಗಿಯ ಮಣ್ಣೂ ಅಷ್ಟೇ ಕಪ್ಪು ಎಂಬುದು ಹೊಳೆಯದೆ ಇರಲಿಲ್ಲ.

ಇಂಡಿಯಲ್ಲಿ ಅಂಗಡಿ ಮುಂದೆ, ಮನೆ ಹಿಂದೆ. ನಡುವೆ ಒಂದು ಪರದೆ. ಅಲ್ಲಿ ನಮ್ಮ ಹನ್ನೊಂದು ಪೆಟ್ಟಿಗೆಗಳಿದ್ದವು. ಒಂದರ ಮೇಲೊಂದು ಒಪ್ಪವಾಗಿ ಇಟ್ಟಿದ್ದರು, ಒರೆಸಿದ್ದರು. ಒಂದನ್ನೂ ಬಳಸಿರಲಿಲ್ಲ. ಒಂದು ಕೌದಿ ಮಾತ್ರ ತೊಟ್ಟಿಲಲ್ಲಿತ್ತು.

“ಕೂಸಿಗೆ ಹಾಸೇವ್ರಿ. ಒಗದು ಕೊಡ್ತೇವಿ,” ಎಂದರು ಅಂಗಡಿಯವರು, ನಾಚಿಕೊಂಡು.

“ಕೌದಿ ಇರಲಿರಿ. ಪೆಟ್ಟಿಗಿ ಯಾಕ ಕಳಿಸಿಲ್ಲ?”

ಅವರು ಪರದೆಯ ಕಡೆ ನೋಡಿದರು. ಪರದೆಯ ಹಿಂದಿನಿಂದ ಅವರ ತಾಯಿ ಬಂದರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಮೊರ.

“ಕಳಿಸಬ್ಯಾಡಂತ ನಾನ ಅಂದೇನಿ,” ಎಂದರು. “ನಿಮ್ಮ ಸಾವ್ಕಾರ್ರು ಇಷ್ಟ ಛಲೋ ಪೆಟ್ಟಿಗ್ಯಾಗ, ಕೌದಿ ಹಾಸಿ, ಮಾಲು ತುಂಬಿ ಕಳಸ್ಯಾರ. ನಾವು ಅದನ್ನ ಬರಿದು ಮಾಡಿ ಹೊಳ್ಳಿ ಕಳಸೂದೇನು? ಮಂದಿ ಏನಂದಾರು?”

“ಅವರಿಗೆ ಬರೇ ಪೆಟ್ಟಿಗೀನ ಬೇಕಾಗೇತ್ರಿ, ಅವ್ವಾರ. ಮ್ಯಾಲೆ ಬರದೇತಿ ನೋಡ್ರಿ.”

“ನೋಡೇನಿ. ಮಗ ಓದಿ ಹೇಳ್ಯಾನ. ಖಾಲಿ ಕಳಸ್ರಿ ಅಂತ ಯಾರರ ಬರಸ್ತಾರೇನಪಾ, ಕೆಂಪ ಅಕ್ಷರದಾಗ? ನಿಮ್ಮ ಮನ್ಯಾಗ ಪಕ್ಕದ ಮನ್ಯಾರ ಪಲ್ಯೇದ ಬಟ್ಟಲ ಬಂದ್ರ ಹೆಂಗ ಹೊಳ್ಳಿ ಕೊಡ್ತೀರಿ?”

ಅಕ್ಕ ಬೇರೆಯವರ ಬಟ್ಟಲನ್ನು ತೊಳೆದು, ಒರೆಸಿ, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕದೆ ಎಂದೂ ಹಿಂದಿರುಗಿಸಿದವಳಲ್ಲ. ಮನೆಯಲ್ಲಿ ಸಕ್ಕರೆ ಇಲ್ಲದ ದಿನ ನಾಲ್ಕು ಕಾಳು ಜೋಳ ಹಾಕುತ್ತಿದ್ದಳು.

“ಹಂಗಾರ ಒಂದ್ ಚಿಟಿಕಿ ಸಕ್ರಿ ಹಾಕಿ ಕಳಸ್ರಿ,” ಎಂದೆ.

“ಇಷ್ಟ ದೊಡ್ಡ ಪೆಟ್ಟಿಗ್ಯಾಗ ಒಂದ್ ಚಿಟಿಕಿ ಸಕ್ರಿ! ನಗಸಾಕ ಬಂದೀಯೇನು? ಸುಗ್ಗಿ ಆಗ್ಲಿ. ಬಿಳಿಜ್ವಾಳ ತುಂಬಿ ಕಳಸ್ತೇವಿ.”

ಸುಗ್ಗಿ ಎಂದರೆ ಸಂಕ್ರಾಂತಿ ದಾಟಿದ ಮೇಲೆ. ನನ್ನ ಗಡುವು ದೀಪಾವಳಿ. ಕಾಕಾ ಮುಚ್ಚಳ ಎತ್ತಿ ಒಳಗೆ ನೋಡುತ್ತಿದ್ದುದು ಏಕೆಂದು ಈಗ ತಿಳಿಯಿತು. ಸಿಂದಗಿಯ ಆ ಪೆಟ್ಟಿಗೆಯೊಂದೇ ಅಲ್ಲ. ಮೂರು ಊರುಗಳ ಪೆಟ್ಟಿಗೆಗಳೂ ಮರ್ಯಾದೆಗೆ ಅಂಜಿ ಕೂತಿದ್ದವು. ಪೆಟ್ಟಿಗೆಯನ್ನು ಅಷ್ಟು ಅಚ್ಚುಕಟ್ಟಾಗಿ ಮಾಡಿಸಿದ್ದೇ ನಮ್ಮ ತಪ್ಪು. ಮೊಳೆಯ ಪೆಟ್ಟಿಗೆಗೆ ಯಾರೂ ಮರ್ಯಾದೆ ಕೊಡಬೇಕಾಗಿರಲಿಲ್ಲ.

ನಾನು ಬಹಳ ಬೇಡಿಕೊಂಡೆ. ಕಡೆಗೆ ಅವ್ವಾರು ಒಪ್ಪಿದರು, ಆದರೆ ಖಾಲಿ ಕಳಿಸಲು ಅಲ್ಲ. ಅವರಿಗೆ ಊರ ಹೊರಗೆ ನಿಂಬೆ ತೋಟವಿತ್ತು. ಐದು ಪೆಟ್ಟಿಗೆಗಳಿಗೆ ನಿಂಬೆಹಣ್ಣು ತುಂಬಿದರು. ಬಸ್ಸಿನ ಮೇಲೆ ಪೆಟ್ಟಿಗೆ ಏರಿದಾಗ ನನಗೆ ಸಂತೋಷವೇ ಆಯಿತು. ಐದು ಬಂದವು ಎಂದು ಮೊದಲೇ ಬರೆದುಬಿಟ್ಟೆ.

ವಿಜಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಪೆಟ್ಟಿಗೆಗಳ ಜೊತೆ ಹೋಗುವವರು ಯಾರೂ ಇರಲಿಲ್ಲ. ನಾನು ಸಿಂದಗಿಯ ಬಸ್ಸು ಹತ್ತಿದ್ದೆ. ಅವು ನಿಲ್ದಾಣದ ಬಯಲಲ್ಲಿ, ಮಳೆ ಬಿಟ್ಟ ಮೇಲಿನ ಆ ಚುರುಕು ಬಿಸಿಲಲ್ಲಿ ದಿನಗಟ್ಟಲೆ ಕೂತವು. ಬಾಗೇವಾಡಿ ಮುಟ್ಟುವಾಗ ಹಣ್ಣು ಕೊಳೆತು ರಸ ಕೌದಿಗೆ ಇಳಿದಿತ್ತು. ಕಾರ್ಖಾನೆಯವರು ಹಣ್ಣು ಸುರುವಿ, ಪೆಟ್ಟಿಗೆ ಒರೆಸಿ, ಕೌದಿ ಒಣಗಿತೆಂದು ತಿಳಿದು ಅದರಲ್ಲಿಯೇ ಹೊಸ ವಾಲ್ವುಗಳನ್ನು ಸುತ್ತಿ ಮುದ್ದೇಬಿಹಾಳಕ್ಕೆ ಕಳಿಸಿದರು. ನಿಂಬೆಯ ಹುಳಿ ಬಟ್ಟೆಯ ಪದರದಲ್ಲಿ ಉಳಿದಿತ್ತು. ಅಲ್ಲಿ ಪೆಟ್ಟಿಗೆ ತೆರೆದಾಗ ಬೀಡಿನ ಮೇಲೆ ಕೆಂಪು ತುಕ್ಕು, ಹಿತ್ತಾಳೆಯ ಮೇಲೆ ಹಸಿರು ಕಲೆ. ಅಂಗಡಿಯವರು ಮಾಲು ಬೇಡವೆಂದರು.

ಸಾವ್ಕಾರರಿಂದ ಕರೆ ಬಂತು. ದಸರೆಯ ಹಿಂದಿನ ವಾರ. ನಾನು ಹೋದಾಗ ಅವರು ತುಕ್ಕು ಹಿಡಿದ ವಾಲ್ವೊಂದನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದರು.

“ನಾ ಪೆಟ್ಟಿಗಿ ಕೇಳಿದ್ದೆ. ಉಪ್ಪಿನಕಾಯಿ ಕೇಳಿದ್ದಿಲ್ಲ.”

ನಾನು ವಾಲ್ವನ್ನು ಎತ್ತಿ, ಹಸಿರು ಕಲೆಯನ್ನು ಬೆರಳಿನಿಂದ ಉಜ್ಜಿ ನೋಡಿದೆ.

“ಖಾಲಿ ಕಳಸ್ರಿ ಅಂತ ಅಷ್ಟ ದೊಡ್ಡದಾಗಿ ಬರಸೇನಿ. ಓದಾಕ ಬರೂದಿಲ್ಲೇನು ಅವರಿಗೆ?”

“ಓದ್ತಾರ್ರಿ. ಓದೇ ಕಳಸವಲ್ರು.”

“ಅಂದ್ರ?”

ಹೇಳಿದೆ. ಅವ್ವಾರ ಮಾತು, ಕಾಕಾ ಮುಚ್ಚಳ ಎತ್ತಿ ನೋಡುವುದು, ಸುಗ್ಗಿಯ ಜೋಳ, ಎಲ್ಲವನ್ನೂ. “ನಿಮ್ಮ ಮನ್ಯಾಗರ ಬರಿದು ಡಬ್ಬಿ ಹೊಳ್ಳಿ ಕೊಡ್ತಾರೇನ್ರಿ?” ಎಂದೂ ಕೇಳಿದೆ.

“ಅದು ಮನಿ. ಇದು ಕಾರ್ಖಾನಿ.”

“ಅವರಿಗೆ ಅಂಗಡೀನೂ ಮನೀನೂ ಒಂದ ಪರದೇದ ಆಚೀಚಿ ಐತ್ರಿ.”

ಅವರು ವಾಲ್ವನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಇಟ್ಟರು. ಆಮೇಲೆ ಹಲಗೆಯ ವ್ಯಾಪಾರಿಗೆ ಆಗಲೇ ಹೇಳಿಟ್ಟಿದ್ದೇನೆ ಎಂದರು. ದೀಪಾವಳಿ ಆದ ಮರುದಿನ ಗಾಡಿ ಬರುತ್ತದೆ; ಅಷ್ಟರಲ್ಲಿ ನಿನ್ನದೇನಾದರೂ ಆದರೆ ಸರಿ. “ಮುದ್ದೇಬಿಹಾಳಕ್ಕ ಹೋಗಿ ಮೊದಲ ಅವರ ಕಾಲಿಗರ ಬೀಳು, ಮಾಲು ಇಟ್ಕೋಳ್ರಿ ಅಂತ.”

ಆ ಒಂದು ರಾತ್ರಿಯೂ ಊರಲ್ಲಿ ನಿಲ್ಲದೆ ಹೋಗಬೇಕಾಯಿತು. ಅಕ್ಕನ ಮನೆಯ ಓಣಿಯ ತುದಿಯವರೆಗೆ ನಡೆದು, ಬಸ್ಸಿನ ಹೊತ್ತಾಯಿತೆಂದು ಅಲ್ಲಿಂದಲೇ ತಿರುಗಿದೆ. ಒಳಗೆ ಹೋಗಿದ್ದರೆ ಕೆಲಸ ಹೋಗುವ ಮಾತು ಹೇಳಬೇಕಾಗುತ್ತಿತ್ತು. ದೀಪಾವಳಿಗೆ ಬಂದುಬಿಡುತ್ತೇನೆ, ಆಮೇಲೆ ಇಲ್ಲಿಯೇ ಎಂದು ಅವಳಿಗೆ ಆಗಲೇ ಎರಡು ಪತ್ರ ಬರೆದಿದ್ದೆ.

ಮುದ್ದೇಬಿಹಾಳದ ಅಂಗಡಿಯವರು ಮಾತು ಕಡಿಮೆಯವರು, ಆಡಿದರೆ ಚುಚ್ಚುವವರು. ನಾನು ಹೋದಾಗ ಒಬ್ಬರು ರೈತರು ಹೊಸ ವಾಲ್ವು ಕೊಳ್ಳಲು ಬಂದಿದ್ದರು. ನಮ್ಮ ಕಡೆ ರೈತರು ಎರಡೂವರೆ ಇಂಚು, ಮೂರು ಇಂಚು ಎಂದು ಅಳತೆ ಹೇಳುವುದಿಲ್ಲ. ಬಾವಿಯಿಂದ ತೆಗೆದ ಒಡಕು ವಾಲ್ವನ್ನೇ ಚೀಲದಲ್ಲಿ ಹಾಕಿಕೊಂಡು ತರುತ್ತಾರೆ. ಅದನ್ನು ಕಟ್ಟೆಯ ಮೇಲೆ ಇಟ್ಟು ‘ಇಂಥಾದ್ದು ಕೊಡ್ರಿ’ ಎನ್ನುತ್ತಾರೆ. ಹೊಸದು ಕೈಗೆ ಬಂದ ಮೇಲೆ ಹಳೆಯದರ ಕಡೆ ತಿರುಗಿಯೂ ನೋಡದೆ ಹೋಗುತ್ತಾರೆ. ಆ ರೈತರೂ ಹಾಗೆಯೇ ಹೋದರು. ಅಂಗಡಿಯವರು ಹಳೆಯ ವಾಲ್ವನ್ನು ಎತ್ತಿ, ಕೂತಲ್ಲಿಂದಲೇ ಹಿಂದಿನ ಬಾಗಿಲಾಚೆ ಎಸೆದರು. ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಸದ್ದಾಯಿತು.

ನಾನು ಎದ್ದು ಹೋಗಿ ನೋಡಿದೆ. ಹಿತ್ತಲಲ್ಲಿ ಎದೆಮಟ್ಟದ ಗುಡ್ಡೆ. ತುಕ್ಕು ಹಿಡಿದವು, ಸೀಳಿದವು, ಹಲ್ಲು ಮುರಿದವು.

“ಇವನ್ನೆಲ್ಲಾ ಏನ ಮಾಡ್ತೀರಿ?”

“ಚೇಳ ಸಾಕೇನಿ,” ಎಂದರು.

“ನಾ ಒಯ್ಯಲ್ಯಾ?”

“ಹಿತ್ತಲಾ ಹಸನಾಗ್ತೈತಿ. ಒಯ್ಯಿ. ಆದ್ರ ಹೊರಾಕ ನನ್ನ ಕರೀಬ್ಯಾಡ.”

ಕಾರ್ಖಾನೆಯ ಕುಲುಮೆಗೆ ಗುಜರಿ ಕಬ್ಬಿಣವನ್ನು ಸಾವ್ಕಾರರು ಸೊಲ್ಲಾಪುರದ ಕಡೆಯಿಂದ ತರಿಸುತ್ತಿದ್ದರು. ಚಲನ್ ಬರೆಯುತ್ತಿದ್ದವನು ನಾನೇ. ಆ ಗುಡ್ಡೆಯ ಮುಂದೆ ನಿಂತಾಗ ನನಗೆ ಬೇರೇನೂ ಯೋಚಿಸಬೇಕಾಗಲಿಲ್ಲ. ಇಬ್ಬರು ಹಮಾಲರನ್ನು ಹಿಡಿದು, ಅಲ್ಲಿದ್ದ ಎಂಟು ಪೆಟ್ಟಿಗೆಗಳಿಂದ ಕೌದಿ ತೆಗೆದು ಬೇರೆ ಕಟ್ಟಿ, ಹೊರುವಷ್ಟು ಹಳೆಯ ವಾಲ್ವು ತುಂಬಿಸಿದೆ. ಈ ಸಲ ಪೆಟ್ಟಿಗೆಗಳ ಜೊತೆ ನಾನೇ ಬಾಗೇವಾಡಿಗೆ ಹೋದೆ. ಇಳಿಸಿ, ಅದೇ ಬಸ್ಸು ಮರಳುವಾಗ ಹತ್ತಿದೆ. ಸಾವ್ಕಾರರು ಊರಲ್ಲಿರಲಿಲ್ಲ. ಕುಲುಮೆಯ ಮೇಸ್ತ್ರಿ ಒಂದು ವಾಲ್ವನ್ನು ಎತ್ತಿ ತಿರುಗಿಸಿ ನೋಡಿ, ‘ನಮ್ಮದ ಇದು’ ಎಂದು ನಕ್ಕ. ಆ ದಿನ ಬಲ ಅಂಚಿನಲ್ಲಿ ಒಂದು ಗೀಟು ಇದೆ.

ಸಿಂದಗಿಯ ಕಾಕಾ ತಕ್ಷಣ ಒಪ್ಪಿದರು. ತುಂಬಿದ ಪೆಟ್ಟಿಗೆ ಎಂದ ಮೇಲೆ ಅವರಿಗೆ ಎದ್ದು ನಿಲ್ಲಲು ಯಾವ ತಕರಾರೂ ಇರಲಿಲ್ಲ. ಕೂಡಲು ಒಂದು ಮರದ ಬಾಕನ್ನು ತರಿಸಿಕೊಂಡು ಅದರ ಮೇಲೆ ದಿಂಬು ಹಾಕಿದರು. ಉಳಿದದ್ದು ಇಂಡಿ.

ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ವಾಲ್ವುಗಳನ್ನು ನಾನು ಪೆಟ್ಟಿಗೆಯ ಹತ್ತಿರ ತಂದಿಟ್ಟದ್ದನ್ನು ನೋಡಿದವರೇ ಅವ್ವಾರು ಎರಡು ಹೆಜ್ಜೆ ಹಿಂದೆ ಸರಿದರು.

“ಕಬ್ಬಿಣಾ? ನಿಂಬಿಹಣ್ಣ ಬ್ಯಾಡಂದ್ರಿ, ಈಗ ಕಬ್ಬಿಣಾ ಕಳಸಂತೀರಿ? ಕಬ್ಬಿಣಾ ಕೊಟ್ಟು ಕಳಸಿದ್ರ ಶನಿ ಕಳಿಸಿದಂಗ. ನಾವೇನ ಅವರಿಗೆ ವೈರಿಗಳೇನು?”

“ಅವ್ವಾರ, ನೀವು ಕೊಡೂದಲ್ಲರಿ. ಇದು ಅವರದ. ಅವರ ಕುಲುಮ್ಯಾಗ ಹುಟ್ಟಿ ಇಲ್ಲಿಗಿ ಬಂದದ್ದು.”

ಮಗ ನಕ್ಕರು. ಅವ್ವಾರು ನಗಲಿಲ್ಲ. ಒಂದು ವಾಲ್ವನ್ನು ಕಾಲ ಬೆರಳಿನಿಂದ ಮುಟ್ಟಿ ನೋಡಿದರು.

“ಅಲ್ಲೇ ಹುಟ್ಟಿದ್ದೇನು?”

“ಹೌದ್ರಿ.”

“ಹಂಗಾರ ತವರಮನಿಗಿ ಹೊಂಟೈತಿ ಅನ್ನು.”

“ಹೌದ್ರಿ. ಕರಗಿ ಮತ್ತ ಹೊಸಾದಾಗಿ ಬರ್ತೈತಿ.”

“ತವರಮನಿಗಿ ಹೋಗೂದಕ್ಕ ಅಡ್ಡ ಬರಬಾರದಪಾ.” ಒಳಗೆ ಹೋಗಿ ಒಂದು ತಟ್ಟೆ ಹಿಡಿದು ಬಂದರು. ಪ್ರತಿ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಮುಷ್ಟಿ ಜೋಳ, ಒಂದು ಅರಿಸಿನ ಕೊಂಬು ಇಟ್ಟರು, ಮಗಳಿಗೆ ಉಡಿ ತುಂಬಿದ ಹಾಗೆ. ಮುಚ್ಚಳಕ್ಕೆ ಕುಂಕುಮ ಹಚ್ಚಿದರು. ಆಮೇಲೆ ಮಗನ ಕಡೆ ತಿರುಗಿ ಹೇಳಿದರು: “ಶನಿವಾರ ಮಾತ್ರ ಕಳಸಬ್ಯಾಡ.”

ಅವತ್ತು ಶುಕ್ರವಾರ. ಉಳಿದಿದ್ದ ಆರೂ ಪೆಟ್ಟಿಗೆಗಳನ್ನು ಅವತ್ತೇ ಬಸ್ಸಿಗೆ ಏರಿಸಿದೆವು. ತೊಟ್ಟಿಲಲ್ಲಿದ್ದ ಕೌದಿಯನ್ನು ಒಗೆದು ಮಡಚಿ ಮೇಲೆ ಇಟ್ಟಿದ್ದರು. ವಿಜಾಪುರದಲ್ಲಿ ನಾನೇ ನಿಂತು ಒಂದೊಂದನ್ನೂ ಬೇರೆ ಬಸ್ಸಿಗೆ ಹಾಕಿಸಿದೆ. ದಾರಿಯುದ್ದಕ್ಕೂ ನನ್ನ ತಲೆಯ ಮೇಲೆ, ಟಾಪಿನಲ್ಲಿ, ಕಬ್ಬಿಣ ಕಬ್ಬಿಣಕ್ಕೆ ತಾಗಿ ಸದ್ದು ಮಾಡುತ್ತಿತ್ತು. ಪಕ್ಕದಲ್ಲಿ ಕೂತ ಮುದುಕ, “ಮ್ಯಾಲೆ ಏನರ ಕಳಚೇತೇನು?” ಎಂದು ಎರಡು ಸಲ ಕೇಳಿದ. ಇಲ್ಲ ಎಂದೆ. ಅವನು ನಂಬಲಿಲ್ಲ, ತಾಳಿಕೋಟಿಯ ತನ್ನ ಮಗಳ ಮನೆಯ ವಿಷಯ ಹೇಳತೊಡಗಿದ. ಅದನ್ನೂ ಗೀಟು ಹಾಕಿದ್ದೇನೆ.

ಅಲ್ಲಿಂದ ಮುಂದಿನ ಪುಟಗಳನ್ನು ಈಗ ಓದಿದರೆ ಖುಷಿ ಕಾಣುತ್ತದೆ. ಅಕ್ಷರ ದೊಡ್ಡದಾಗಿದೆ. ಪೆಟ್ಟಿಗೆಗಳು ಹೊಸ ವಾಲ್ವು ತುಂಬಿಕೊಂಡು ಹೋದವು, ಹಳೆಯದನ್ನು ತುಂಬಿಕೊಂಡು ಬಂದವು, ಮತ್ತೆ ಹೋದವು. ಸಾವ್ಕಾರರು ಮುಚ್ಚಳದ ಕೆಂಪು ಅಕ್ಷರಗಳನ್ನು ಕೆರೆಸಿ ತೆಗೆಸಿದರು. ಅದರ ಜಾಗದಲ್ಲಿ ‘ಹಳೆಯ ವಾಲ್ವು ತುಂಬಿ ಕಳಿಸಿ’ ಎಂದು ಬರೆಸಿದರು. ನರಕ ಚತುರ್ದಶಿಯ ಹೊತ್ತಿಗೆ ನಲವತ್ತರಲ್ಲಿ ಮೂವತ್ತಾರು ಪೆಟ್ಟಿಗೆ ಓಡಾಡುತ್ತಿದ್ದವು. ಮುಕ್ಕಾಲಿಗಿಂತ ಹೆಚ್ಚು. ನಾನು ಸಿಂದಗಿಯ ಖೋಲಿಯಲ್ಲಿದ್ದ ಬಟ್ಟೆ, ಹಾಸಿಗೆ, ತಂಬಿಗೆ ಎಲ್ಲ ಕಟ್ಟಿಕೊಂಡೆ. ಖಾನಾವಳಿಯ ಹೆಣ್ಣುಮಗಳಿಗೆ ನಾಳೆಯಿಂದ ಬರುವುದಿಲ್ಲ ಎಂದು ಹೇಳಿದೆ. ಅವಳು ಆಗಲಿ ಎಂದಳು.

ನಾನು ಬಾಗೇವಾಡಿ ಮುಟ್ಟಿದಾಗ ಸಾವ್ಕಾರರು ಕುಲುಮೆಯ ಹತ್ತಿರ ನಿಂತಿದ್ದರು. ನನ್ನನ್ನು ಕಂಡು ಎದುರಿಗೆ ಬಂದರು. ಹಾಗೆ ಅವರು ಯಾರಿಗೂ ಬಂದದ್ದನ್ನು ನಾನು ನೋಡಿರಲಿಲ್ಲ.

“ಪೆಟ್ಟಿಗೀನೂ ಬಂದ್ವು, ಕಬ್ಬಿಣಾನೂ ಬಂತು. ಹಲಗಿಯವಗ ಬ್ಯಾಡಂತ ಹೇಳಿ ಕಳಿಸೇನಿ. ಶಾಭಾಸ್.”

ನಾನು ಕಾಯುತ್ತ ನಿಂತೆ.

“ಸಿಂದಗ್ಯಾಗ ಈಗಿನ ಖೋಲಿ ಸಣ್ಣದಾತೇನು? ದೊಡ್ಡದು ಹಿಡಿ. ತಾಳಿಕೋಟಿಗೂ ಸುರು ಮಾಡೂಣು, ಇನ್ನ ಅರವತ್ತು ಪೆಟ್ಟಿಗಿ ಹೇಳೇನಿ.”

“ನಾ ಇಲ್ಲಿ ಆಫೀಸಿನ್ಯಾಗ...”

“ನಿನ್ನ ಇಲ್ಲಿ ಕೂಡಸಿದ್ರ ಅಲ್ಲಿ ಯಾರು? ಹೊಸಬ ಹೋದ್ರ ಮತ್ತ ನಿಂಬಿಹಣ್ಣ ಬರ್ತಾವ.”

“ಮಾತ ಕೊಟ್ಟಿದ್ರಿ, ಸಾವ್ಕಾರ್ರ.”

“ಕೊಟ್ಟಿದ್ದೆ,” ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. “ಆವಾಗ ನೀ ಹಿಂಗ ಮಾಡ್ತೀ ಅಂತ ನನಗ ಗೊತ್ತಿರಲಿಲ್ಲ. ಮಾಡದೇ ಇದ್ರ ನಿನ್ನ ಬಿಡಬೇಕಾಗಿತ್ತು. ಮಾಡಿದ ಮ್ಯಾಲೆ ಬಿಡಾಕ ಆಗವಲ್ದು.”

ಬೇರೆ ಕಡೆ ಕೆಲಸ ಹುಡುಕಬಹುದಿತ್ತು. ಅದೂ ಬಾಗೇವಾಡಿಯಲ್ಲಿ ಇರಲಿಲ್ಲ. ಆಗಲಿ ಎಂದು ತಲೆಯಾಡಿಸಿದೆ.

ಪಾಡ್ಯದ ದಿನ ಅಕ್ಕನ ಮನೆಯಲ್ಲಿದ್ದೆ. ಅವಳು ಎಣ್ಣೆ ಹಚ್ಚಿದಳು, ನೀರು ಹಾಕಿದಳು, ಹೋಳಿಗೆ ಬಡಿಸಿದಳು. ಸಾವ್ಕಾರರು ಹೇಳಿದ್ದನ್ನು ನಾನು ಊಟ ಮುಗಿಯುವವರೆಗೆ ಬಾಯಿ ಬಿಡಲಿಲ್ಲ. ಮಾವ ಹೊರಗೆ ಹೋದ ಮೇಲೆ ಹೇಳಿದೆ. ಅವಳು ಹೊಸ ಪೆಟ್ಟಿಗೆಗಳಿಗೆಂದು ಆಗಲೇ ಬಂದಿದ್ದ ಹಳೆಯ ಸೀರೆಗಳನ್ನು ಮಡಚಿ ಗಳಿಗೆ ಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಛಲೋ ಆತಲ್ಲ,” ಎಂದಳು. “ಹೊಗಳಿದ್ರು ಅಂತ ಓಣ್ಯಾಗೆಲ್ಲ ಮಾತಾಡಾಕತ್ತಾರ.”

“ಹೂಂ.”

“ಮತ್ತ ಯಾವಾಗ ಬರ್ತಿ?”

“ಇಲ್ಲಿಂದ ಮಂಗಳವಾರ ಮಾಲು ಹೋಗ್ತೈತಿ, ಗುರುವಾರ ಮುದ್ದೇಬಿಹಾಳದ್ದು ಹೊಳ್ಳಿ ಬರ್ತೈತಿ. ಶನಿವಾರ ಇಂಡಿದು ಬರೂದಿಲ್ಲ. ಅಂದ್ರ ಸೋಮವಾರದ ಮ್ಯಾಲೆ...”

“ಪೆಟ್ಟಿಗಿ ಯಾವಾಗ ಬರ್ತಾವಂತ ಕೇಳಲಿಲ್ಲೋ ಹುಚ್ಚಾ. ನೀ ಯಾವಾಗ ಬರ್ತಿ ಅಂದೆ.”

ನಾನು ಲೆಕ್ಕ ಹಾಕಲು ನೋಡಿದೆ. ಯುಗಾದಿ ಎಂದೆ. ಅವಳು ಸೂಜಿಗೆ ದಾರ ಪೋಣಿಸುತ್ತ, ಯುಗಾದಿಗೆ ತಾಳಿಕೋಟಿಯ ಪೆಟ್ಟಿಗೆಗಳು ಇರುತ್ತವಲ್ಲ ಎಂದಳು. ಇರುತ್ತವೆ ಎಂದೆ.

ಮರುದಿನ ಬೆಳಿಗ್ಗೆ ನಿಲ್ದಾಣದಲ್ಲಿ ಹನ್ನೆರಡು ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಏರಿಸಿದೆ. ಕಟ್ಟಿದ್ದ ಹಾಸಿಗೆಯನ್ನು ಬಿಚ್ಚಿರಲೇ ಇಲ್ಲ. ಅದೂ ಮೇಲೆ ಹೋಯಿತು. ಬಸ್ಸು ಹೊರಡುವ ಮುನ್ನ ಆ ದಾರಿಯ ಕಂಡಕ್ಟರು ಚೀಟಿ ಹರಿಯುತ್ತ ನನ್ನ ಹತ್ತಿರ ಬಂದರು. ಎರಡು ತಿಂಗಳಲ್ಲಿ ಅವರಿಗೆ ನನ್ನ ಮುಖ ರೂಢಿಯಾಗಿತ್ತು.

“ಹಬ್ಬಾ ಮುಗೀತೇನ್ರಿ? ಊರಿಗಿ ಹೊಂಟ್ರಿ?” ಎಂದು ಕೇಳಿ, ನಾನು ಹೇಳುವ ಮೊದಲೇ ಸಿಂದಗಿಯ ಚೀಟಿ ಹರಿದರು.

ಹೌದ್ರಿ ಎಂದು ಚೀಟಿ ತೆಗೆದುಕೊಂಡೆ.